ಊಟಕ್ಕೆ ಕರೆದ ಹಕ್ಕಿ

ಅದು ಗೊರವಂಕವೇ ಇರಬೇಕು, ಕಾಜಾಣವೂ ಆಗಿದ್ದೀತು. ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಎಳ್ಳ ಅಮಾವಾಸ್ಯೆ ಎಂಬುದು ಮಾತ್ರ ಖಚಿತ. ಶಿರಗುಪ್ಪಿಯಲ್ಲಿ ಅತ್ತೆಯ ಕಡಲೆ ಬೆಳೆಗೆ ಹುಳ ಬಿದ್ದಿತ್ತು. ನಾನು ಔಷಧದ ಪಂಪು ಬೆನ್ನಿಗೇರಿಸಿ ಹೊರಟಿದ್ದೆ. ಭೂತಾಯಿಗೂ ಹಕ್ಕಿಪಕ್ಷಿಗಳಿಗೂ ಚರಗವೆಂದು ಹೊಲದ ತುಂಬ ಅನ್ನ, ಕಡುಬು ಚೆಲ್ಲುತ್ತಿದ್ದ ಅತ್ತೆ ಅಡ್ಡ ಬಂದರು.

“ಏನ್ರಿ ಅಳಿಯಂದ್ರ, ಹಕ್ಕಿಗೋಳ್ನ ಊಟಕ್ಕ ಕರದು ವಿಷಾ ನೀಡ್ತೀರೇನು?”

“ಹುಳಕ್ಕ ಹೊಡ್ಯಾಕ ಹೊಂಟೇನ್ರಿ ಅತ್ತಿ, ಹಕ್ಕಿಗಲ್ಲ.”

“ಆ ಹುಳಾ ತಿನ್ನಾವ್ರು ಯಾರ್ರಿ ಮತ್ತ, ನೀವ?”

ಅಷ್ಟರಲ್ಲಿ ಹಕ್ಕಿಯೊಂದು ಕಡುಬನ್ನು ಬಿಟ್ಟು, ದಪ್ಪನೆಯ ಹಸಿರು ಹುಳ ಕಚ್ಚಿಕೊಂಡು ಹಾರಿತು. ಎಲೆ ಕುಡಿದ ಬಿಸಿಲು ಹುಳದೊಳಗೆ ಸೇರಿ, ಈಗ ರೆಕ್ಕೆಯಾಗಿ ಬಡಿಯುತ್ತಿದೆ ಅನ್ನಿಸಿತು. ಪಂಪು ಇಳಿಸಿದೆ. ಅತ್ತೆ ನನ್ನ ಕೈಗೂ ಒಂದು ಕಡುಬು ಇಟ್ಟರು.

ಆ ಸಲ ಅರ್ಧಕ್ಕಿಂತ ಹೆಚ್ಚು ಕಡಲೆ ಕೈಗೆ ಬಂತು. ಉಳಿಸಿದ್ದು ಹಕ್ಕಿಗಳೋ, ಬೇರೇನೋ, ನನಗೆ ಗೊತ್ತಿಲ್ಲ.