ಸೀಟಿನ ಪ್ಲಾಸ್ಟಿಕ್ ಮತ್ತು ಸ್ಟಾಕ್ ಕ್ಲಾಸ್

ಇಟ್ಟಮಡುವಿನ ಗ್ಯಾರೇಜೊಂದರಲ್ಲಿ ಕೆಂಪು ಬಣ್ಣದ ಹಳೇ ಸೆಡಾನಿಗೆ ಅಡ್ವಾನ್ಸ್ ಕೊಡಲು ಪರ್ಸ್ ತೆಗೆದಿದ್ದೆ. ಅಷ್ಟರಲ್ಲಿ ಗಿರಿಯ ಫೋನ್ ಬಂತು.

ಗಿರಿ ನನ್ನ ಕಾಲೇಜ್ ಸ್ನೇಹಿತ. ವಾರವಿಡೀ ಆಫೀಸು, ವೀಕೆಂಡಿನಲ್ಲಿ ಕಾರ್ ರೇಸು.

ನಾನು ಪದ್ಮನಾಭನಗರದಲ್ಲಿ ಫಿಸಿಕ್ಸ್ ಟ್ಯೂಷನ್ ಮಾಡುವವಳು. ಕಂಡವರ ಮಕ್ಕಳಿಗೆ ವೇಗ, ವೇಗೋತ್ಕರ್ಷ ಅಂತ ಹೇಳಿಕೊಟ್ಟು ಹೇಳಿಕೊಟ್ಟು, ಒಂದು ಸಲವಾದರೂ ನಾನೇ ಟ್ರ್ಯಾಕಿಗೆ ಇಳಿದು ನೋಡಬೇಕು ಅನ್ನಿಸಿತ್ತು. ನಲವತ್ತು ದಾಟಿದ ಮೇಲೆ ಅನ್ನಿಸಿತು, ಅದು ಬೇರೆ ಮಾತು.

ಫೋನಿನಲ್ಲಿ ಕಾರಿನ ವಿಷಯ ಹೇಳಿದೆ. "ರೇಸಲ್ಲಿ ಯಾವ ಕ್ಲಾಸಿಗೆ ಅಂತ ತಗೋತಿದ್ದೀಯ?" ಅಂದ ಗಿರಿ.

ಕ್ಲಾಸ್ ಗೊತ್ತಿರಲಿಲ್ಲ. ಬಣ್ಣ ಗೊತ್ತಿತ್ತು.

"ಅಮ್ಮಾ ತಾಯಿ, ಮೊದ್ಲು ಗೋತ್ರ ಕೇಳ್ತಾರೆ, ಆಮೇಲೆ ಹುಡುಗನ್ನ ನೋಡ್ತಾರೆ. ನೀನು ಸೀದಾ ಛತ್ರ ಬುಕ್ ಮಾಡೋಕೆ ಹೋಗಿದ್ದೀಯಲ್ಲ!"

ವಿಷಯ ಇಷ್ಟೇ. ಆ ಕೆಂಪು ಕಾರಿನ ಎಂಜಿನ್ ಬಿಚ್ಚಿ ಏನೇನೋ ಮಾಡಿದ್ದರು. ಅಂಥ ಕಾರು ಓಪನ್ ಕ್ಲಾಸಿಗೆ ಹೋಗುತ್ತದೆ. ಅಲ್ಲಿ ಯಾರು ಏನು ಬೇಕಾದರೂ ಬದಲಾಯಿಸಬಹುದು, ಜಾಸ್ತಿ ಖರ್ಚು ಮಾಡಿದವನೇ ಮುಂದೆ. ನನ್ನ ಟ್ಯೂಷನ್ ಫೀಸಿಗೆ ಅಲ್ಲಿ ನಿಂತು ಚಪ್ಪಾಳೆ ಹೊಡೆಯಬಹುದಿತ್ತು.

ನನ್ನಂಥವರಿಗೆ ಸ್ಟಾಕ್ ಕ್ಲಾಸ್. ಕಾರು ಕಂಪನಿಯಿಂದ ಹೇಗೆ ಬಂತೋ ಹಾಗೇ ಇರಬೇಕು. ಒಬ್ಬೊಬ್ಬರೇ ಟ್ರ್ಯಾಕ್ ಸುತ್ತಬೇಕು, ಕಡಿಮೆ ಟೈಮ್ ತೆಗೆದುಕೊಂಡವರು ಗೆದ್ದ ಹಾಗೆ. ಹಳೇ ಸಣ್ಣ ಕಾರಾದರೂ ಸಾಕು.

"ಏನನ್ನೂ ಮುಟ್ಟದೇ ಇರೋ ಹಳೇ ಕಾರು ಎಲ್ಲಿ ಸಿಗುತ್ತೆ ಗುರು?"

"ನಿಮ್ಮನೆ ಕೆಳಗಡೆ ನಿಂತಿದೆಯಲ್ಲ."

ಪರ್ಸ್ ಒಳಗಿಟ್ಟೆ.

ಮನೆ ಕೆಳಗೆ ನಿಂತಿರುವುದು ಅಪ್ಪನ ಕಾರು. ಕಣ್ಣಿನ ಆಪರೇಷನ್ ಆದ ಮೇಲೆ ಅಪ್ಪ ಓಡಿಸುವುದಿಲ್ಲ. ಆದರೆ ದಿನಾ ಬೆಳಿಗ್ಗೆ ಸ್ಟಾರ್ಟ್ ಮಾಡುತ್ತಾರೆ, ಒರೆಸುತ್ತಾರೆ, ಬೀಗ ಹಾಕುತ್ತಾರೆ. ಜೆ.ಪಿ. ನಗರದ ಕಣ್ಣಿನ ಡಾಕ್ಟರ ಹತ್ತಿರ ಹೋಗುವಾಗ ಮಾತ್ರ ಬೀಗದಕೈ ನನಗೆ ಸಿಗುತ್ತದೆ.

ಸೀಟುಗಳ ಮೇಲೆ ಶೋರೂಮಿನ ಪ್ಲಾಸ್ಟಿಕ್ ಇನ್ನೂ ಹಾಗೇ ಇತ್ತು. ಸೀಟು ಹೊಸದಾಗಿರಲಿ ಅಂತ. ಅಮ್ಮ ಇದ್ದಾಗ, ಬೆನ್ನೆಲ್ಲ ಬೆವರುತ್ತೆ ಅಂತ ಗೊಣಗುತ್ತಾ ಎಡಗಡೆ ಸೀಟಿಗೆ ಒಂದು ಟವೆಲ್ ಹಾಸಿಕೊಂಡು ಕೂರುತ್ತಿದ್ದಳು. ಅಮ್ಮ ಹೋದ ಮೇಲೂ ಟವೆಲ್ ಅಲ್ಲೇ ಇತ್ತು.

ಊಟ ಆದ ಮೇಲೆ ಅಪ್ಪನ ಹತ್ತಿರ ವಿಷಯ ಎತ್ತಿದೆ.

"ಗೆದ್ರೆ ಏನ್ ಕೊಡ್ತಾರೆ?"

"ಒಂದು ಕಪ್."

"ಮನೇಲಿರೋ ಲೋಟ ಸಾಲದಾ?"

ಮುಗಿಯಿತು ಅಂದುಕೊಂಡೆ. ಸುಮ್ಮನೆ ಏಳುವಾಗ, ಕಾರಿನಲ್ಲಿ ಒಂದು ನಟ್ಟು ಬದಲಾಗಿದ್ದರೂ ಸೇರಿಸುವುದಿಲ್ಲವಂತೆ ಅಂದೆ. ಅಪ್ಪ ಕನ್ನಡಕ ಹಾಕಿಕೊಂಡರು. ರೂಲ್ಸ್ ಪೂರ್ತಿ ಓದಿಸಿದರು. ಜೀವಮಾನವೆಲ್ಲ ತಾವು ಹೇಳಿಕೊಂಡು ಬಂದಿದ್ದನ್ನು ಯಾರೋ ಕೊನೆಗೂ ಒಪ್ಪಿದ ಹಾಗಿತ್ತು ಅವರ ಮುಖ.

"ಯಾರೋ ತಿಳಿದೋರು ಬರೆದಿದ್ದಾರೆ. ನಾನೂ ಬರ್ತೀನಿ."

ಹಾಗಾಗಿ ಒಂದು ಭಾನುವಾರ ಅಪ್ಪ, ನಾನು, ಚಿತ್ರಾನ್ನದ ಡಬ್ಬಿ, ಎಲ್ಲರೂ ಊರ ಹೊರಗಿನ ಟ್ರ್ಯಾಕಿಗೆ ಹೋದೆವು.

ಓಟಕ್ಕೆ ಮುಂಚೆ ಎಲ್ಲ ಕಾರುಗಳನ್ನೂ ತಪಾಸಣೆ ಮಾಡುತ್ತಾರೆ. ನಮ್ಮ ಸರದಿ ಬರುತ್ತದೆ. ಅಧಿಕಾರಿ ಬಾನೆಟ್ ಎತ್ತಿ ನೋಡಿ, "ಸಖತ್ತಾಗಿ ಇಟ್ಕೊಂಡಿದ್ದೀರಾ ಸಾರ್" ಅನ್ನುತ್ತಾರೆ. ಅಪ್ಪ ಎದೆಯುಬ್ಬಿಸಿ ನಿಲ್ಲುತ್ತಾರೆ. ಅಧಿಕಾರಿ ಬಾಗಿಲು ತೆಗೆಯುತ್ತಾರೆ...

"ಈ ಪ್ಲಾಸ್ಟಿಕ್ ತೆಗೀಬೇಕು ಸಾರ್."

"ಯಾಕೆ ತೆಗೀಬೇಕು? ಕಂಪನಿಯಿಂದ ಬಂದಿದ್ದೇ ಹೀಗೆ. ನಿಮ್ಮ ರೂಲ್ಸೇ ಹೇಳುತ್ತೆ, ಏನೂ ಬದಲಾಯಿಸಬಾರದು ಅಂತ."

ಅಧಿಕಾರಿ ನನ್ನ ಮುಖ ನೋಡಿದರು. ನಾನು ಟೈರ್ ನೋಡಿದೆ. ಹಿಂದೆ ಸಾಲಿನಲ್ಲಿದ್ದವರು ಹಾರ್ನ್ ಹೊಡೆಯಲು ಶುರು ಮಾಡಿದರು.

"ಟರ್ನಲ್ಲಿ ಸೀಟು ಜಾರುತ್ತೆ ಸಾರ್. ಇದಿದ್ರೆ ಓಡಿಸೋಕೆ ಬಿಡಲ್ಲ."

ಅಪ್ಪ ನನ್ನ ಕಡೆ ತಿರುಗಿದರು. "ನಿಂಗೆ ಜಾರುತ್ತೇನೇ?"

ಇಲ್ಲ ಅಂದರೆ ಅಪ್ಪ ಗೆಲ್ಲುತ್ತಾರೆ, ನಾವು ಮನೆಗೆ ಹೋಗುತ್ತೇವೆ. ನನಗೆ ಓಡಿಸಬೇಕಿತ್ತು. ನಿಜವಾಗಲೂ ಓಡಿಸಬೇಕಿತ್ತು.

"ಯಾವಾಗ್ಲೂ ಜಾರುತ್ತೆ ಅಪ್ಪ. ಜೆ.ಪಿ. ನಗರಕ್ಕೆ ಹೋಗುವಾಗ್ಲೂ."

"ಮತ್ತೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಅಮ್ಮ ಹೇಳ್ತಾನೇ ಇದ್ಲಲ್ಲ."

ಅಪ್ಪ ಅಲ್ಲಿದ್ದವರ ಹತ್ತಿರ ಕತ್ತರಿ ಕೇಳಿ ತಂದರು. ಬೇರೆ ಯಾರಿಗೂ ಮುಟ್ಟಲು ಬಿಡದೆ ಒಂದೊಂದೇ ಸೀಟಿನ ಪ್ಲಾಸ್ಟಿಕ್ ಕತ್ತರಿಸಿ ತೆಗೆದರು. ಟವೆಲ್ ಕೂಡ ಒಳಗಿರುವ ಹಾಗಿಲ್ಲ ಅಂದರು ಅಧಿಕಾರಿ. ಅಪ್ಪ ಅದನ್ನು ಹೆಗಲಿಗೆ ಹಾಕಿಕೊಂಡು ಪಕ್ಕಕ್ಕೆ ಹೋಗಿ ನಿಂತರು.

ನಾನು ಓಡಿಸಿದೆ. ಸೀಟು ಜಾರಲಿಲ್ಲ. ಹೆಲ್ಮೆಟ್ಟಿನೊಳಗೆ ಒಬ್ಬಳೇ ಕಿರುಚಿದೆ, ಅಷ್ಟು ಖುಷಿ.

ನಮ್ಮ ಕ್ಲಾಸಿನಲ್ಲಿ ನನಗಿಂತ ಹಿಂದೆ ಒಬ್ಬರೇ ಇದ್ದರು. ಅವರ ಕಾರು ಅರ್ಧದಲ್ಲಿ ಕೆಟ್ಟು ನಿಂತಿತ್ತು.

ವಾಪಸ್ ಬರುವಾಗ ಅಪ್ಪ ಎಡಗಡೆ ಸೀಟಿಗೆ ಅಭ್ಯಾಸಬಲದಿಂದ ಟವೆಲ್ ಹಾಸಲು ಹೋದರು. ಆಮೇಲೆ ಮಡಚಿ ತೊಡೆ ಮೇಲಿಟ್ಟುಕೊಂಡರು. ರಿಸಲ್ಟ್ ಬಗ್ಗೆ ಒಂದು ಮಾತೂ ಕೇಳಲಿಲ್ಲ.

ಬನಶಂಕರಿ ಸಿಗ್ನಲ್ಲಿನಲ್ಲಿ ನಿಂತಾಗ ನೋಡಿದೆ. ಅಂಗೈಯಿಂದ ಸೀಟಿನ ಬಟ್ಟೆ ಸವರುತ್ತಿದ್ದರು.

"ಎಷ್ಟು ಮೆತ್ತಗಿದೆ ಕಣೇ... ಅವಳು ಇದ್ದಾಗ್ಲೇ ತೆಗೀಬಹುದಿತ್ತು."

ಸಿಗ್ನಲ್ ಹಸಿರಾಯಿತು. ಹಿಂದಿನವರೆಲ್ಲ ಹಾರ್ನ್ ಹೊಡೆದರು. ನನಗೆ ಅಳು ಬಂದು ರಸ್ತೆ ಕಾಣಲಿಲ್ಲ, ಸ್ವಲ್ಪ ಹೊತ್ತು ಹಾಗೇ ನಿಲ್ಲಿಸಿಕೊಂಡಿದ್ದೆ.

ನಿಮ್ಮನೆಯಲ್ಲಿ ಇನ್ನೂ ಯಾವುದರ ಪ್ಲಾಸ್ಟಿಕ್ ತೆಗೆದಿಲ್ಲ?