ಅಳಿಸುವ ಮುನ್ನ ಮನೆಯವರನ್ನು ಕೇಳುವ ಇಂದ್ರಾಣಿ

ಸಂಗಮದ ಕಡೆಯಿಂದ ಎದ್ದ ಮಂಜು ಇನ್ನೂ ಬೀದಿಯಲ್ಲೇ ಇದೆ. ತಿ. ನರಸೀಪುರದ ತಮ್ಮ ಮನೆಯ ಮುಂದಿನ ಕೋಣೆಗೆ ಇಂದ್ರಾಣಿ ಕಸ ಗುಡಿಸಲು ಬರುತ್ತಾರೆ. ಆ ಕೋಣೆಯೇ ಅವರ ಅಂಗಡಿ. ದೀಪ ಹಾಕುವ ಮೊದಲೇ ಮೂಲೆಯಲ್ಲಿ ಫ್ಯಾನು ಗುರ್ರೆನ್ನುತ್ತದೆ. ಯಾರೂ ಮುಟ್ಟಿಲ್ಲ, ಸ್ವಿಚ್ ಒತ್ತಿಲ್ಲ. ಮೊನ್ನೆ ಬಿಳಿಗೆರೆಯಿಂದ ಬಂದ ಹಳೆಯ ಕಂಪ್ಯೂಟರು ಅದು. ಡಬ್ಬದ ಮೇಲೆ ಯಾರೋ ಮೂರು ಪಟ್ಟೆ ವಿಭೂತಿ ಬಳಿದಿದ್ದಾರೆ. ಪರದೆ ತಾನಾಗಿ ಬೆಳಗುತ್ತದೆ, ಒಳಗಿನಿಂದ ವಯಸ್ಸಾದ ಗಂಡಸೊಬ್ಬರು ಯಾರನ್ನೋ ಕೂಗುತ್ತಾರೆ.

"ಎದೆ ಝಲ್ ಅಂತು ಸಾ. ನಮ್ಮನೆಯೋರು ಗೂಡ್ಸ್ ಆಟೋ ತಗಂಡು ಆಗ್ಲೇ ಓಗಿದ್ರು. ಪೊರಕೆ ಅಲ್ಲೇ ಬಿಟ್ಟು ಈಚೆಗ್ ಬಂದು ಜಗಲಿ ಮೇಲೆ ಕೂತ್ಕಂಡೆ," ಎನ್ನುತ್ತಾರೆ ಇಂದ್ರಾಣಿ. ಬೆಳಕು ಹರಿದ ಮೇಲೇ ಒಳಗೆ ಹೋಗುವ ಧೈರ್ಯ ಬಂದದ್ದಂತೆ. ಅದನ್ನು ಹೇಳಿಕೊಳ್ಳಲು ಅವರಿಗೆ ನಾಚಿಕೆಯೇನಿಲ್ಲ.

ಗುಜರಿಗೆ ಹಾಕಿ ಎಂದು ಎಲ್ಲರೂ ಕೈಬಿಟ್ಟ ಕಂಪ್ಯೂಟರುಗಳಿಗೆ ಲಿನಕ್ಸ್ ಎಂಬ ತಂತ್ರಾಂಶ ಹಾಕಿ ಮತ್ತೆ ನಡೆಸುವುದು ಇಂದ್ರಾಣಿಯ ಕಸುಬು. ನಂಜನಗೂಡಿನ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಟೈಪಿಂಗ್ ಮಾಡುತ್ತಿದ್ದವರು. ಅಲ್ಲಿ ಕೆಲಸ ಹೋದಾಗ, ಮೂಲೆಗೆಸೆದಿದ್ದ ಕಂಪ್ಯೂಟರೊಂದನ್ನು ಕೇಳಿ ತಂದು, ಕೆಡಿಸುತ್ತ ಸರಿಮಾಡುತ್ತ ತಾವೇ ಕಲಿತರು. ಲಿನಕ್ಸ್ ಎಂದರೇನು ಎಂದು ಕೇಳಿದರೆ ಅವರ ಉತ್ತರ ಸಿದ್ಧವಿದೆ: "ಅದೇ ಮನೆ, ಅದೇ ಒಲೆ. ಅಡಿಗೆ ಮಾಡೋರು ಮಾತ್ರ ಬೇರೆ." ಪುಕ್ಕಟೆ ಸಿಗುತ್ತದೆ ಎಂದರೆ ಜನ ಹುಬ್ಬು ಗಂಟಿಕ್ಕುತ್ತಾರೆ. ಕದ್ದ ಮಾಲೇ ಇರಬೇಕು ಎಂದು ಮುಖಕ್ಕೆ ಹೇಳಿ ಹೋದವರೂ ಉಂಟು.

ಹೊಸಬರಿಗೆ ಅವರದೊಂದು ಪದ್ಧತಿ. ಮೊದಲು ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಓಡಿಸುತ್ತಾರೆ. ಒಳಗಿನ ಹಳೆಯದನ್ನು ಮುಟ್ಟುವುದಿಲ್ಲ. ಮನೆಯವರು ಕೂತು ನೋಡಬೇಕು, ಕನ್ನಡದಲ್ಲಿ ತಮ್ಮ ಹೆಸರು ಬರೆಯಬೇಕು, ಒಪ್ಪಿಗೆಯಾದರೆ ಆಮೇಲೆ ಮುಂದಿನ ಮಾತು. "ಅಳಿಸು ಅನ್ನೋದನ್ನ ಒತ್ತಕ್ಕೆ ಒಂದ್ ಗಳಿಗೆ ಸಾಕು. ಅಳಿಸೋಗಿದ್ದನ್ನ ವಾಪಸ್ ತರಕ್ಕೆ ನನ್ ಕೈಲಾಗಲ್ಲ ಸಾ. ಅದ್ಕೇ ಮನೇಲಿ ಎಲ್ರನ್ನೂ ಕೇಳ್ತೀನಿ."

ಬಿಳಿಗೆರೆಯ ಕಂಪ್ಯೂಟರನ್ನು ತಂದುಕೊಟ್ಟವರು ಆ ಮನೆಯ ಸೊಸೆ ಶ್ವೇತ. ಮಾವ ದೊಡ್ಡಸಿದ್ದಯ್ಯ ತೀರಿಕೊಂಡು ವರ್ಷ ತುಂಬಿಲ್ಲ. ಇಂದ್ರಾಣಿ ಫೋನ್ ಮಾಡಿದಾಗ ಶ್ವೇತ ದನಿ ತಗ್ಗಿಸುತ್ತಾರೆ: "ಎಲ್ಲಾ ಒರೆಸಾಕ್ಬುಡಿ ಮೇಡಂ. ಮಾವ ದಿನಾ ಬೆಳಿಗ್ಗೆ ಕೂಗ್ತರೆ. ಅದಾದ್ರೂ ತಡ್ಕಬೋದು. ನಮ್ಮತ್ತೆ ಅವ್ರ ಕುಟ್ಟೆ ಮಾತಾಡ್ತರೆ."

ಪೆನ್‌ಡ್ರೈವ್ ಹಾಕಿ ನೋಡಿ, ಶ್ವೇತ ಅವರನ್ನೂ ವಿಚಾರಿಸಿದಾಗ ವಿಷಯ ತಿಳಿಯುತ್ತದೆ. ಪಂಪ್‌ಸೆಟ್ಟಿಗೆ ರಾತ್ರಿ ಕರೆಂಟು ಕೊಡುವ ಕಾಲದಲ್ಲಿ ದೊಡ್ಡಸಿದ್ದಯ್ಯ ಗದ್ದೆಯಲ್ಲೇ ಉಳಿಯುತ್ತಿದ್ದರು. ಮನೆಯಲ್ಲಿ ಹೆಂಡತಿ ಚನ್ನಬಸಮ್ಮನನ್ನು ಎಬ್ಬಿಸಲು ತಮ್ಮ ದನಿಯನ್ನು ರೆಕಾರ್ಡ್ ಮಾಡಿ ತುಂಬಿ, ಬೆಳಗಿನ ಐದೂವರೆಗೆ ಕಂಪ್ಯೂಟರು ತಾನಾಗಿ ಏಳುವಂತೆ ಮಾಡಿದ್ದರು. ದೆವ್ವವಿಲ್ಲ, ಗಾಳಿಯಿಲ್ಲ. ಹಾಗೆಂದು ಸಮಾಧಾನ ಮಾಡಿಕೊಂಡು, ಅತ್ತೆಯನ್ನೂ ಕೇಳಬೇಕೆಂದು ಇಂದ್ರಾಣಿ ಡಬ್ಬ ಹೊತ್ತುಕೊಂಡು ನಂಜನಗೂಡಿನಲ್ಲಿ ಬಸ್ಸು ಬದಲಿಸಿ ಬಿಳಿಗೆರೆಗೆ ಹೋಗುತ್ತಾರೆ. ಡಬ್ಬವನ್ನು ಅದರ ಜಾಗದಲ್ಲಿಟ್ಟು, ಆ ರಾತ್ರಿ ಅಲ್ಲೇ ತಂಗುತ್ತಾರೆ.

ಬೆಳಗಿನ ಜಾವ ಫ್ಯಾನು ಗುರ್ರೆನ್ನುವ ಮೊದಲೇ ಚನ್ನಬಸಮ್ಮ ಮಣೆ ಹಾಕಿಕೊಂಡು ಪರದೆಯ ಮುಂದೆ ಕೂತಿದ್ದಾರೆ.

"ಅಮ್ಮೀ, ಎದ್ಯಾ?" ಎಂದು ದೊಡ್ಡಸಿದ್ದಯ್ಯನ ದನಿ ಹೆಂಡತಿಯನ್ನು ಕೂಗುತ್ತದೆ.

ಆಮೇಲೆ ಮಾತಿಲ್ಲ. ಸ್ಪೀಕರಿನಲ್ಲಿ ಯಾರೋ ಉಸಿರು ಎಳೆದುಕೊಳ್ಳುವುದು, ಸಣ್ಣದಾಗಿ ಕೆಮ್ಮುವುದು ಮಾತ್ರ ಕೇಳುತ್ತದೆ. ಉತ್ತರಕ್ಕೆ ಕಾಯುತ್ತಿರುವುದು ಸ್ಪಷ್ಟ. ಬಾಗಿಲ ಸಂದಿಯಲ್ಲಿ ಶ್ವೇತ ಇಂದ್ರಾಣಿಯ ರಟ್ಟೆ ಹಿಡಿದುಕೊಳ್ಳುತ್ತಾರೆ.

"ಎದ್ದಿವ್ನಿ ಕಣ್ರೀ," ಎನ್ನುತ್ತಾರೆ ಚನ್ನಬಸಮ್ಮ.

"ಸರಿ, ನೀರಿಗ್ ಉರಿ ಆಕು," ಎನ್ನುತ್ತದೆ ದನಿ.

"ಎಲ್ಲಾ ಗೊತ್ತಿತ್ತಲ್ಲ ಸಾ ನಂಗೆ? ಆದ್ರೂ ಮೈ ಜುಮ್ ಅಂತು. ಆವಮ್ಮ ಮಾತಾಡಿ ಮುಗಿಸೋ ಗಂಟ ಆವಪ್ಪ ಬಾಯ್ ಬಿಡ್ಲಿಲ್ಲ," ಎಂದು ಇಂದ್ರಾಣಿ ಇವತ್ತಿಗೂ ತೋಳು ಸವರಿಕೊಳ್ಳುತ್ತಾರೆ.

ಬೆಳಗಾದ ಮೇಲೆ ಅತ್ತೆ, ಸೊಸೆ ಇಬ್ಬರನ್ನೂ ಕೂರಿಸಿಕೊಂಡು ಕೇಳುತ್ತಾರೆ. ಹಳೆಯದೆಲ್ಲ ಅಳಿಸಿದರೂ ದನಿಯನ್ನು ಬೇರೆ ತೆಗೆದಿಟ್ಟುಕೊಳ್ಳಬಹುದು, ಬೇಡವೆಂದರೆ ಅದೂ ಹೋಗುತ್ತದೆ. ಶ್ವೇತ ನೆಲ ನೋಡುತ್ತಾರೆ. ಚನ್ನಬಸಮ್ಮ ಸೊಸೆಯ ಕಡೆ ತಿರುಗುತ್ತಾರೆ: "ನೀನ್ ಎದರ್ಕತೀಯ ಅಂತ ಗೊತ್ತು ಕಣವ್ವ. ನಂಗೆ ದಿನಾ ಅಷ್ಟೇ ಮಾತು. ಅದನ್ನೂ ಕಿತ್ಕಬ್ಯಾಡ." ಶ್ವೇತ ಸೆರಗಿನಿಂದ ಕಣ್ಣೊರೆಸಿಕೊಂಡು ಆಗಲಿ ಎಂದು ತಲೆಯಾಡಿಸುತ್ತಾರೆ.

ದನಿ ಪೆನ್‌ಡ್ರೈವ್ ಸೇರಿದೆಯೇ ಎಂದು ಎರಡೆರಡು ಸಲ ಕೇಳಿಸಿದ ಮೇಲೆ, ಅಳಿಸುವ ಗುಂಡಿಯನ್ನು ಇಂದ್ರಾಣಿ ಚನ್ನಬಸಮ್ಮನ ಕೈಯಿಂದಲೇ ಒತ್ತಿಸುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಹೊಸ ಪರದೆ ಬರುತ್ತದೆ. ದನಿಯನ್ನು ವಾಪಸ್ ಹಾಕಿ, ಮೊದಲಿನಂತೆ ಐದೂವರೆಗೇ ಕೂಗುವಂತೆ ಮಾಡುತ್ತಾರೆ. ಪಾಠ ಶುರು. ಕೆಳಗೆ ಎಡಮೂಲೆಯಲ್ಲಿ ಮೆನು. ಇದು ಫೈಲುಗಳ ಜಾಗ. ಒಳಹೋಗಲು ಶ್ವೇತಳಿಗೆ ಬೇರೆ ಹೆಸರು, ಬೇರೆ ಪಾಸ್‌ವರ್ಡ್. ಚನ್ನಬಸಮ್ಮನ ಕೈಯಲ್ಲಿ ಮೌಸು ಮೊದಮೊದಲು ಎತ್ತೆತ್ತಲೋ ಓಡುತ್ತದೆ, ಸಂಜೆಗೆ ಹದಕ್ಕೆ ಬರುತ್ತದೆ.

ಇಂದ್ರಾಣಿಗೆ ದೊಡ್ಡ ಆಸೆಗಳಿಲ್ಲ. ಅಂಗಡಿಯಲ್ಲಿ ಇನ್ನೊಂದು ಬೆಂಚು ಹಿಡಿಸಿದರೆ ವಯಸ್ಸಾದ ಹೆಂಗಸರಿಗೆಂದೇ ಮಧ್ಯಾಹ್ನ ಕಲಿಸಬೇಕೆಂದಿದ್ದಾರೆ. ಅವರಿಗೆ ತಲೆಗೆ ಹತ್ತುವುದಿಲ್ಲ ಎಂದು ಯಾರಾದರೂ ನಕ್ಕರೆ ಬಿಳಿಗೆರೆಯ ಆ ಸಂಜೆಯನ್ನು ಹೇಳುತ್ತಾರೆ. ಹೊರಡಲು ಚೀಲ ಹೆಗಲಿಗೇರಿಸಿದ ಅವರನ್ನು ಚನ್ನಬಸಮ್ಮ ತಡೆದಿದ್ದರು: "ಅವರದ್ ದನಿ ಇಟ್ಟಂಗೆ ನಂದೂ ಇಡಕ್ಕಾಯ್ತದ? ಅವರು ಸುಮ್ನಾಗ್ತರಲ್ಲ, ಆ ಸಂದಿಗೆ?"

ಯಾಕವ್ವ ಎಂದು ಕೇಳಿದ್ದಕ್ಕೆ, "ನಾನೂ ಕಣ್ ಮುಚ್ಚುದ್ಮೇಲೆ ಅವರು ಕೇಳ್ತಾನೇ ಇರ್ತರಲ್ಲ. ಜವಾಬಿಲ್ದೆ ಕಾಯ್ಕಂಡ್ ಕೂರಬಾರ್ದು ಕಣವ್ವ," ಎಂದರು.

ಮೈಕು ಹಿಡಿದು ಅತ್ತೆಯ ಬಾಯಿಯ ಹತ್ತಿರ ತಂದವರು ಶ್ವೇತ.