ಕ್ಷಮೆ ಕೇಳಿ ಗೆದ್ದ ಪಾಯಿಂಟು

ನಮ್ಮ ಊರಿನವರು ಹೇಳುವಷ್ಟು ಚೆನ್ನಾಗಿ ನಾನು ಗೆದ್ದಿಲ್ಲ. ಈ ಮಾತನ್ನು ಜೇವರ್ಗಿಯ ಬಸ್ ನಿಲ್ದಾಣದಿಂದ ನಮ್ಮ ಮನೆಯವರೆಗೆ ಯಾರಿಗೆ ಹೇಳಿದರೂ ನಂಬುವುದಿಲ್ಲ, ವಿನಯ ಅಂದುಕೊಳ್ಳುತ್ತಾರೆ. ನನ್ನನ್ನು ಚಿಕ್ಕಂದಿನಿಂದ ಬಲ್ಲವರೂ ಹಾಗೆ ಅಂದುಕೊಳ್ಳುವುದು ಆಶ್ಚರ್ಯ. ವಿನಯದ ವಿಷಯದಲ್ಲಿ ನನ್ನ ಮೇಲೆ ಇದುವರೆಗೆ ಯಾವ ಆರೋಪವೂ ಇರಲಿಲ್ಲ.

ಊರಲ್ಲಿ ಓಡಾಡುತ್ತಿರುವ ಕತೆ ಹೀಗಿದೆ. ಮೂರು ತಾಲ್ಲೂಕುಗಳ ಟೇಬಲ್ ಟೆನಿಸ್ ಪಂದ್ಯಾವಳಿಯ ಫೈನಲ್, ಅಫಜಲಪುರದ ಒಂದು ಕಲ್ಯಾಣ ಮಂಟಪ, ಐದನೆಯ ಗೇಮು, ನನಗೆ ಹತ್ತು ಪಾಯಿಂಟು, ಆಳಂದದ ನಸ್ರೀನಳಿಗೆ ಒಂಬತ್ತು. ಗೆದ್ದವಳು ಕಲಬುರಗಿಯ ಆಯ್ಕೆ ಶಿಬಿರಕ್ಕೆ, ಸೋತವಳು ಮನೆಗೆ. ಮುಂದಿನದನ್ನು ಮಲ್ಲಣ್ಣ ಕಾಕಾ ಹೇಳಬೇಕು. ಅವರು ನನ್ನ ಅಪ್ಪನ ತಮ್ಮ, ಗೊಬ್ಬರದ ಅಂಗಡಿಯ ಮಾಲೀಕರು, ಅಂದು ಅಫಜಲಪುರದ ಕಡೆ ತಲೆಯನ್ನೂ ಹಾಕದವರು. ಹಾಗಾಗಿ ಅವರ ವರ್ಣನೆಗೆ ಯಾವ ಅಡೆತಡೆಯೂ ಇಲ್ಲ. ಯೂರಿಯಾ ಚೀಲದ ಮೇಲೆ ಕೈ ಬೀಸಿ ತೋರಿಸುತ್ತಾರೆ:

"ಹಿಂಗ ಬೀಸ್ಯಾಳ ನೋಡ್ರಿ ಹೊಡ್ತ. ಚೆಂಡು ಟೇಬಲ್ ಅಂಚಿಗೆ ಸವರಿ ಹಾರಿ ಹೋತು. ಆಳಂದದಾಕಿ ನಿಂತಲ್ಲೇ ಕಂಬ ಆದ್ಳು. ಎಲ್ಲಾ ಜ್ವಾಳದ ರೊಟ್ಟಿ ತಾಕತ್ತು."

ನಾನು ಅಲ್ಲಿದ್ದೆ. ಆದ್ದರಿಂದಲೇ ನನಗೆ ಅನುಮಾನ.

ಈ ರೊಟ್ಟಿಯ ವಿಷಯವನ್ನು ಸ್ವಲ್ಪ ವಿಚಾರಿಸಬೇಕು. ಎರಡು ತಿಂಗಳ ಹಿಂದೆ ಕಲಬುರಗಿಯಲ್ಲಿ ನಾನು ಮೊದಲ ಸುತ್ತಿನಲ್ಲೇ ಸೋತಿದ್ದೆ. ಎದುರಾಳಿ ಒಂಬತ್ತನೆಯ ತರಗತಿಯ ಹುಡುಗಿ. ಮೂರನೆಯ ಗೇಮಿನ ನಡುವೆ ಒಮ್ಮೆ ಆಕಳಿಸಿದಳು ಕೂಡ. ಆಗ ಇದೇ ಕಾಕಾ, ಆಟದ ಹಾಲ್‌ನಲ್ಲಿ ಫ್ಯಾನು ಜೋರಾಗಿ ತಿರುಗುತ್ತಿತ್ತು, ಚೆಂಡು ಗಾಳಿಗೆ ಹೋಯಿತು ಎಂದು ತೀರ್ಪು ಕೊಟ್ಟಿದ್ದರು. ಆ ಗಾಳಿ ಆಕಳಿಸುವ ಹುಡುಗಿಯ ಚೆಂಡನ್ನು ಮಾತ್ರ ಯಾಕೆ ಮುಟ್ಟಲಿಲ್ಲ ಎಂದು ನಾನು ಕೇಳಿದೆ. ಲಾ ಕಾಲೇಜಿಗೆ ಸೇರಿಸಿದ್ದೇ ತಪ್ಪಾಯಿತು ಎಂದು ಅವ್ವನ ಕಡೆ ನೋಡಿದರು. ಅಂದಿನಿಂದ ನಮ್ಮ ಭಾಗದ ಕ್ರೀಡಾಶಾಸ್ತ್ರ ನನಗೆ ಪೂರ್ತಿ ಅರ್ಥವಾಗಿದೆ. ಗೆದ್ದರೆ ರೊಟ್ಟಿ, ಸೋತರೆ ಫ್ಯಾನು. ಆಡಿದವಳಿಗೆ ಇದರಲ್ಲಿ ಯಾವ ಪಾತ್ರವೂ ಇಲ್ಲ.

ನಿಜ ಹೇಳಬೇಕೆಂದರೆ ನನ್ನ ಆಟದಲ್ಲಿ ಹೆಚ್ಚಿನ ಪಾತ್ರ ನಮ್ಮ ಕ್ಲಬ್ಬಿನ ಮೇಜಿನದು. ಹಿಂದೆ ಯಾವುದೋ ಸಮಾರಂಭದಲ್ಲಿ ಅದರ ಎಡಮೂಲೆಯ ಮೇಲೆ ಸಾರಿನ ಪಾತ್ರೆಯನ್ನು ಒಲೆಯಿಂದ ಇಳಿಸಿ ಹಾಗೇ ಇಟ್ಟಿದ್ದರಂತೆ. ಆ ಜಾಗದಲ್ಲಿ ಚೆಂಡು ಬಿದ್ದರೆ ಏಳುವುದಿಲ್ಲ, ಸಂಕೋಚದಿಂದ ಉರುಳುತ್ತದೆ. ನಾನು ಐದು ವರ್ಷ ಆ ಮೂಲೆಗೇ ಸರ್ವಿಸ್ ಮಾಡಿ ಜೇವರ್ಗಿಯ ಚಾಂಪಿಯನ್ ಆದವಳು. ಬೇರೆ ಊರಿನ ಮೇಜುಗಳ ಮೇಲೆ ಯಾರೂ ಸಾರು ಇಟ್ಟಿಲ್ಲ ಎಂಬುದು ನನಗೆ ತಡವಾಗಿ ಗೊತ್ತಾಯಿತು.

ಅಫಜಲಪುರದ ಮೇಜು ಹೊಸದು. ಅಂಪೈರು ನೆಲೋಗಿ ಕಡೆಯ ದೈಹಿಕ ಶಿಕ್ಷಕರು, ಮೂಲತಃ ವಾಲಿಬಾಲಿನವರು. ಕೊರಳಲ್ಲಿ ಸೀಟಿ. ಪ್ರತಿ ಪಾಯಿಂಟಿಗೂ ಊದುತ್ತಿದ್ದರು. ಒಮ್ಮೆ ಅಭ್ಯಾಸಬಲದಿಂದ ನಮ್ಮಿಬ್ಬರಿಗೂ ವಾಲಿಬಾಲಿನವರಂತೆ ಸುತ್ತಿ ಜಾಗ ಬದಲಿಸಲು ಸನ್ನೆ ಮಾಡಿ, ತಾವೇ ನಾಚಿ ಕೂತರು. ಚೆಂಡು ಹಾರದಿರಲೆಂದು ಫ್ಯಾನುಗಳನ್ನೆಲ್ಲ ಆರಿಸಿದ್ದರು. ವೇದಿಕೆಯ ಮೇಲಿನ ಮುಖ್ಯ ಅತಿಥಿಗಳು ಬೆವರಿನಲ್ಲಿ ತೊಯ್ದು, ನಮ್ಮ ಕಡೆ ಕ್ರೀಡಾಭಿಮಾನವಿಲ್ಲದ ಕಣ್ಣುಗಳಿಂದ ನೋಡುತ್ತಿದ್ದರು. ಒಳಗೆ ಊಟಕ್ಕೆ ಎಲೆ ಹಾಕುತ್ತಿದ್ದ ಸದ್ದು ಕೇಳುತ್ತಿತ್ತು.

ನನ್ನ ಕೊನೆಯ ಹೊಡೆತ ಹೋದದ್ದು ನಸ್ರೀನಳ ಎಡಬದಿಗೆ, ಅಂಪೈರಿಗೆ ಕಾಣದ ಕಡೆಗೆ. 'ಟಪ್' ಎಂದಿತು, ಚೆಂಡು ನೆಲಕ್ಕೆ ಬಿತ್ತು. ಇಲ್ಲಿ ಒಂದು ನಿಯಮ ಹೇಳಿಬಿಡುತ್ತೇನೆ. ಚೆಂಡು ಮೇಜಿನ ಮೇಲ್ಭಾಗದ ಅಂಚಿಗೆ ತಗುಲಿದರೆ ಪಾಯಿಂಟು ಹೊಡೆದವಳದು. ಅಂಚಿನ ಕೆಳಗೆ, ಹಲಗೆಯ ಪಕ್ಕಕ್ಕೆ ತಗುಲಿದರೆ ಎದುರಾಳಿಯದು. ಎರಡರ ನಡುವಿನ ಅಂತರ ಒಂದು ಉಗುರಿನಷ್ಟು. ಅಂದು ಆ ಉಗುರಿನ ಒಂದು ಕಡೆ ಪ್ರಶಸ್ತಿ, ಇನ್ನೊಂದು ಕಡೆ ಹತ್ತು-ಹತ್ತು.

ಇನ್ನೊಂದು ಸಂಪ್ರದಾಯವೂ ಇದೆ. ಚೆಂಡು ಅಂಚಿಗೆ ತಗುಲಿ ಪಾಯಿಂಟು ಬಂದರೆ, ಅದೃಷ್ಟದಿಂದ ಬಂತು, ಕ್ಷಮಿಸು ಎಂದು ಕೈ ಎತ್ತಬೇಕು. ಅದೃಷ್ಟಕ್ಕೆ ಕ್ಷಮೆ ಕೇಳುವ ಇಂಥ ಸಭ್ಯತೆ ನಮ್ಮ ಸಾರ್ವಜನಿಕ ಜೀವನದಲ್ಲಿ ಬೇರೆಲ್ಲೂ ಕಂಡಿಲ್ಲ. ಅಪ್ಪನ ಕುರ್ಚಿಯಲ್ಲಿ ಕೂತ ಯಾವ ಮಗನೂ ಕೈ ಎತ್ತಿ ಕ್ಷಮಿಸಿ ಅಂದದ್ದಿಲ್ಲ; ಎತ್ತಿದರೂ ಅದು ಮತ ಕೇಳಲಿಕ್ಕೆ. ಆದರೆ ಈ ಸಭ್ಯತೆಯ ಹೊಟ್ಟೆಯೊಳಗೆ ಒಂದು ಕುಯುಕ್ತಿ ಇದೆ. ಕೈ ಎತ್ತಿದ ಕ್ಷಣವೇ ಚೆಂಡು ಅಂಚಿಗೆ ತಗುಲಿತು ಎಂದು ಸಾರಿದಂತಾಯಿತು. ಕ್ಷಮೆ ಕೇಳುವವಳನ್ನು ಸುಳ್ಳಿ ಎಂದು ಯಾರು ಅನುಮಾನಿಸುತ್ತಾರೆ?

ನನ್ನ ಕೈ ತಾನಾಗಿ ಮೇಲೆದ್ದಿತು. ಕಣ್ಣಿಗೆ ಏನು ಕಂಡಿತ್ತೋ ಕೈ ವಿಚಾರಿಸಲಿಲ್ಲ.

ಅಂಪೈರು ಸೀಟಿಯನ್ನು ತುಟಿಗಿಟ್ಟು ಊದದೆ ಕೂತರು. ಅವರಿಗೆ ಏನೂ ಕಂಡಿರಲಿಲ್ಲ. ಇಂಥ ಮೌನ ಸಿಕ್ಕಿದರೆ ನನ್ನಂತೆ ಚರ್ಚಾಸ್ಪರ್ಧೆಯಲ್ಲಿ ಪಳಗಿದವರಿಗೆ ತಡೆಯಲಾಗುವುದಿಲ್ಲ. ಚೆಂಡು ಬಂದ ಕೋನ, ತಿರುಗುವ ದಿಕ್ಕು, ಸದ್ದಿನ ಸ್ವರೂಪ, ಸಂದೇಹದ ಲಾಭ ಯಾರಿಗೆ ಸಲ್ಲಬೇಕೆಂಬ ನ್ಯಾಯತತ್ವ, ಎಲ್ಲವನ್ನೂ ಅವರ ಮುಂದೆ ಹರಡಿದೆ. ಸಂದೇಹದ ಲಾಭ ನಸ್ರೀನಳಿಗೂ ಸಲ್ಲಬಹುದಿತ್ತು ಎಂಬ ಎದುರು ವಾದ ನನಗೆ ಹೊಳೆಯಿತು; ಅದನ್ನು ಮಂಡಿಸುವುದು ನನ್ನ ಸರದಿಯಲ್ಲ ಎಂದು ಬಿಟ್ಟೆ. ಅತಿಥಿಗಳು ಕೈಗಡಿಯಾರ ನೋಡಿದರು. ಹುಳಿಯ ಒಗ್ಗರಣೆಯ ವಾಸನೆ ಬಂತು. ಅಂಪೈರು ಸೋತು ಅವಳ ಕಡೆ ತಿರುಗಿದರು.

"ನೀ ಏನಂತಿ ಬೇ?"

ನಸ್ರೀನ್ ಬ್ಯಾಟನ್ನು ಕಂಕುಳಲ್ಲಿ ಇರುಕಿಕೊಂಡು ನನ್ನನ್ನೇ ನೋಡಿದಳು. ಅವಳು ಬಿ.ಕಾಂ. ಓದುವವಳು, ನನಗಿಂತ ಎರಡು ವರ್ಷ ಚಿಕ್ಕವಳು, ಬಾಯಿಯಲ್ಲಿ ನನಗೇನೂ ಕಡಿಮೆಯವಳಲ್ಲ. ಅದಕ್ಕೇ ಅವಳ ಮಾತು ನನಗೆ ಅಷ್ಟು ಸಪ್ಪೆಯಾಗಿ ಕೇಳಿಸಿತು.

"ಬರೋಬರ್ ಅದರಿ. ಪಾಯಿಂಟ್ ಅಕ್ಕಂದೇ."

ಸೀಟಿ ಮೊಳಗಿತು. ಎಲ್ಲರೂ ಊಟಕ್ಕೆ ಎದ್ದರು.

ಸಂಜೆ ಒಂದೇ ಬಸ್ಸಿನಲ್ಲಿ ಕಲಬುರಗಿಗೆ ಹೊರಟೆವು. ಅಲ್ಲಿಂದ ಅವಳು ಆಳಂದಕ್ಕೆ, ನಾನು ಜೇವರ್ಗಿಗೆ. ಚೌಡಾಪುರದಲ್ಲಿ ಗಾಣಗಾಪುರದ ಭಕ್ತರು ಹತ್ತಿ ಬಸ್ಸು ತುಂಬಿತು. ಅವಳು ಕಿಟಕಿಯಿಂದ ಕೈ ಚಾಚಿ ಭಜಿ ಕೊಂಡು ನನ್ನ ತೊಡೆಯ ಮೇಲಿಟ್ಟಳು. ಊರಲ್ಲಿ ಏನಂತ ಹೇಳ್ತಿ ಎಂದು ಕೇಳಿದೆ. "ಹೇಳೋದೇನದ ಅಕ್ಕಾ? ನಾ ಮನಿ ಮುಟ್ಟೋದ್ರಾಗ ಅವರೇ ಫ್ಯಾನಿಂದ ಸೋತ್ಳು ಅಂತ ಡಿಸೈಡ್ ಮಾಡಿರ್ತಾರ." ಫ್ಯಾನು ಬಂದ್ ಇತ್ತಲ್ಲ ಎಂದೆ. "ಅದಕ್ಕೇ ಸೋತ್ಳು ಅಂತಾರ," ಎಂದು ನಕ್ಕಳು. ಆಳಂದದವರ ಕ್ರೀಡಾಶಾಸ್ತ್ರ ನಮ್ಮದಕ್ಕಿಂತ ಮುಂದುವರಿದಿದೆ ಎಂದು ಒಪ್ಪಿಕೊಂಡೆ. ಚೆಂಡಿನ ಬಗ್ಗೆ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಭಜಿ ಬಿಸಿಯಿತ್ತು.

ಮರುವಾರ ಊರಲ್ಲಿ ಸನ್ಮಾನ. ಬ್ಯಾನರಿನಲ್ಲಿ ನನ್ನ ಫೋಟೋದ ಪಕ್ಕ ಲಾನ್ ಟೆನಿಸ್ಸಿನ ದೊಡ್ಡ ರಾಕೆಟ್ಟು; ಹೀಗಾಗಿ ನಾನು ಅರ್ಧ ಊರಿನ ಲೆಕ್ಕದಲ್ಲಿ ಬಯಲಿನಲ್ಲಿ ಆಡಿ ಗೆದ್ದವಳು. ಶಾಲು ಹೊದಿಸಿದವರು ಶರಣು ಶರಣಾರ್ಥಿ ಎಂದು ಆರಂಭಿಸಿ, ನನ್ನ ಹೊಡೆತದ ರಭಸಕ್ಕೆ ಮೇಜಿನ ಅಂಚು ಸೀಳಿತು ಎಂಬಲ್ಲಿಗೆ ಮುಗಿಸಿದರು. ಕಾಕಾ ಮೊದಲ ಸಾಲಿನಲ್ಲಿ ತಲೆಯಾಡಿಸಿದರು. ಮೈಕು ನನ್ನ ಕೈಗೆ ಬಂತು. ಯಾವ ವಿಷಯ ಕೊಟ್ಟರೂ ಪರ, ವಿರೋಧ ಎರಡೂ ಮಾತಾಡಬಲ್ಲ ನಾನು, ಧನ್ಯವಾದ ಎಂದಷ್ಟೇ ಹೇಳಿ ಕೂತೆ. ಜನ ಅದನ್ನೂ ವಿನಯದ ಖಾತೆಗೇ ಹಾಕಿದರು.

ಆಯ್ಕೆ ಶಿಬಿರಕ್ಕೆ ಇನ್ನು ಒಂದೇ ವಾರ. ಅಭ್ಯಾಸಕ್ಕೆ ಜೊತೆ ಬೇಕಿತ್ತು. ನಾಚಿಕೆ ಬಿಟ್ಟು ನಸ್ರೀನಳಿಗೇ ಫೋನ್ ಮಾಡಿದೆ. ನನ್ನ ಲಾ ಕಾಲೇಜಿನಂತೆ ಅವಳ ಕಾಲೇಜೂ ಕಲಬುರಗಿಯಲ್ಲೇ. ಬರ್ತೇನಿ ಅಕ್ಕಾ ಎಂದವಳು ನಮ್ಮ ಕಾಲೇಜಿನ ಹಾಲ್‌ಗೆ ನನಗಿಂತ ಮೊದಲೇ ಬಂದು ನೆಟ್ಟು ಕಟ್ಟಿದ್ದಳು. ನಿನ್ನೆ ಆಡುತ್ತಿದ್ದೆವು. ಅಂಪೈರಿಲ್ಲ, ಅತಿಥಿಯಿಲ್ಲ, ಪಾಯಿಂಟಿನ ಲೆಕ್ಕವೂ ಇಲ್ಲ. ನನ್ನ ಒಂದು ಹೊಡೆತ ಅವಳ ಎಡಬದಿಗೆ ಹೋಗಿ 'ಟಪ್' ಎಂದಿತು, ಚೆಂಡು ನೆಲಕ್ಕೆ ಬಿತ್ತು. ಅದೇ ಬದಿ, ಅದೇ ಸದ್ದು. ನನ್ನ ಕೈ ಅದೇ ಸಭ್ಯತೆಯಿಂದ ಮೇಲೆದ್ದಿತು.

ನಸ್ರೀನ್ ಚೆಂಡಿನ ಕಡೆ ತಿರುಗಿಯೂ ನೋಡಲಿಲ್ಲ.

"ಕೈ ಇಳಸ್ರಿ ಅಕ್ಕಾ. ಸೈಡಿಗೆ ಬಡದದ."

ನೋಡದೆ ಹೇಗೆ ಹೇಳ್ತಿ ಎಂದೆ. ಅಂಚಿಗೆ ಬಡಿದ ಚೆಂಡು ಮೇಲಕ್ಕೆ ಹಾರುತ್ತದೆ, ಪಕ್ಕಕ್ಕೆ ಬಡಿದದ್ದು ಕೆಳಗೆ ಬೀಳುತ್ತದೆ, ಇಷ್ಟು ವರ್ಷ ಆಡಿ ಅದೂ ಗೊತ್ತಿಲ್ಲೇನು ಎಂಬಂತೆ ನಗುತ್ತಾ, ನನ್ನ ಸರ್ವಿಸ್ಸಿಗಿಂತ ನನ್ನ ಮಾತಿಗೇ ತಿರುವು ಜಾಸ್ತಿ ಎಂದು ಛೇಡಿಸಿ, ಚೆಂಡು ಹೆಕ್ಕಲು ಬಗ್ಗಿದಳು. ನನಗೂ ಅದು ಗೊತ್ತಿತ್ತು. ಅಫಜಲಪುರದಲ್ಲಿ ಚೆಂಡು ಮೇಲಕ್ಕೆ ಹಾರಿ ಬಿತ್ತೋ ನೇರ ಕೆಳಗೆ ಬಿತ್ತೋ ಎಂದು ಎರಡು ವಾರದಿಂದ ನೆನಪಿಸಿಕೊಳ್ಳಲು ಹೆಣಗುತ್ತಿದ್ದೆ. ನೆನಪಿಗೆ ಬರುವುದೆಲ್ಲ ನನ್ನದೇ ಭಾಷಣ. ಹಾಲ್‌ನಲ್ಲಿ ಫ್ಯಾನು ಬಂದ್ ಇತ್ತು. ವಾದಿಸಲು ಯಾರೂ ಇರಲಿಲ್ಲ. ಮೇಜಿನ ಕೆಳಗೆ ಕೈಯಾಡಿಸುತ್ತಿದ್ದ ಅವಳ ಬೆನ್ನಿಗೆ ಕೇಳಿದೆ:

"ನಸ್ರೀನ್, ಅವತ್ತು ನಾ ಬಾಯಿ ಮುಚ್ಕೊಂಡು ನಿಂತಿದ್ರ, ನೀ ಏನಂತಿದ್ದಿ?"